ಬುತ್ತಿಯನ್ನ ಗ್ರಾಮಿನಲ್ಲಿ ತೂಗಿ, ಜಾತಿಯಲ್ಲಲ್ಲ



ಮಳೆ ನಿಂತಿದೆ, ಟ್ರೆಕ್ಕಿಂಗ್ ಸೀಸನ್ ಶುರುವಾಗಿದೆ. ಕುಮಾರ ಪರ್ವತ, ತಡಿಯಂಡಮೋಳ್, ಕುದುರೆಮುಖ ಅಂತ ಫೇಸ್‌ಬುಕ್ ತುಂಬಾ ಬೆಟ್ಟದ ಫೋಟೋಗಳು. ಜೊತೆಗೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪಟ್ಟಿ ಓಡಾಡುತ್ತೆ. ಬ್ಯಾಗಿನಲ್ಲಿ ಏನು ತರಬೇಕು, ಏನು ತರಬಾರದು. ತರಬಾರದ ಸಾಲಲ್ಲಿ ಮೂರು ಹೆಸರು ಅಕ್ಕಪಕ್ಕ ಕೂತಿರ್ತವೆ: ಮದ್ಯ, ತಂಬಾಕು, ಮಾಂಸಾಹಾರ.

ಈ ಸಾಲನ್ನ ಎಲ್ಲೋ ಓದಿದ ಹಾಗಿದೆಯಲ್ಲ ಅನ್ನಿಸ್ತಾ? ಹೌದು, ಓದಿದ್ದೀರಿ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೇ ಕನ್ನಡ ಸಾಹಿತ್ಯ ಸಮ್ಮೇಳನದ ಮಳಿಗೆ ನಿಯಮದಲ್ಲೂ ಇದೇ ಮೂರು ಹೀಗೇ ಕೂತಿದ್ವು. ನಾಡಿನ ಬಹುಪಾಲು ಜನ ಉಣ್ಣೋ ಅನ್ನವನ್ನ ಹೆಂಡ, ಬೀಡಿ ಜೊತೆ ಕಟ್ಟಿ ಹೊರಗಿಟ್ಟಿದ್ರು. ಆಗ ಮಂಡ್ಯದವರು 'ಬಾಡೇ ನಮ್ ಗಾಡು' ಅಂತ ಬೀದಿಗಿಳಿದು ಕೇಳಿದ್ರು. ಅಂಥದೇ ಸಾಲು ಈಗ ಬೆಟ್ಟ ಹತ್ತಿದೆ. ಬೆಟ್ಟದ ಮೇಲೂ ಕೇಳಬೇಕಾಗಿದೆ.

ನಾನು ಗುಮಾಸ್ತ. ಪಟ್ಟಿ ಮಾಡೋದು, ಕೂಡಿ ಕಳೆಯೋದು ನನ್ನ ಹೊಟ್ಟೆಪಾಡು. ಹಾಗಾಗಿ ಭಾವನೆಯ ಮಾತು ಆಮೇಲೆ, ಮೊದಲು ಲೆಕ್ಕ.

ಬೆನ್ನ ಮೇಲೆ ಹೊತ್ತು ನಡೆಯೋರ ಊಟಕ್ಕೆ ಇರೋ ನಿಯಮ ಬಹಳ ಸರಳ. ನೀರನ್ನ ಹೊರಬೇಡ, ಶಕ್ತಿಯನ್ನ ಹೊರು. ಒಂದು ಗ್ರಾಂ ಹಿಟ್ಟು, ಸಕ್ಕರೆ ಅಥವಾ ಪ್ರೋಟೀನಿನಲ್ಲಿ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಲ್ಲಿ 9. ನೀರಿನಲ್ಲಿ ಸೊನ್ನೆ. ಸೇಬಿನಲ್ಲಿ ನೂರಕ್ಕೆ 85 ಪಾಲು ನೀರು. ಬೇಯಿಸಿದ ಅನ್ನದಲ್ಲಿ ಮೂರನೇ ಎರಡು ಪಾಲು ನೀರು, ಅದಕ್ಕೇ 100 ಗ್ರಾಂ ಅನ್ನಕ್ಕೆ 130 ಕ್ಯಾಲೊರಿ ಮಾತ್ರ. ಅದೇ 100 ಗ್ರಾಂ ಕಡ್ಲೆಬೀಜಕ್ಕೆ 560ರ ಮೇಲೆ, ಒಣಕೊಬ್ಬರಿಗೆ 650ರ ಆಸುಪಾಸು. ಹಸಿ ಮಾಂಸದಲ್ಲಿ ನೂರಕ್ಕೆ 70 ಪಾಲಿಗೂ ಮೇಲೆ ನೀರು. ಒಣಗಿಸಿದ್ರೆ ಒಂದು ಕೆಜಿ ಬಾಡು 300 ಗ್ರಾಮಿಗೆ ಇಳಿಯುತ್ತೆ, ಆ 300 ಗ್ರಾಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಪ್ರೋಟೀನು.

ಅಮೆರಿಕದ ರಾಕಿ ಪರ್ವತಗಳಲ್ಲಿ ವಾರಗಟ್ಟಲೆ ಒಳಗೆ ಹೋಗಿ ಜಿಂಕೆ, ಎಲ್ಕ್ ಬೇಟೆಯಾಡೋರು, ಸುಮ್ಮನೆ ನಡೆಯೋಕೆ ಹೋಗೋರು, ಎಲ್ಲರೂ ಇದೇ ಲೆಕ್ಕ ಹಾಕ್ತಾರೆ. ದಿನಕ್ಕೆ 700ರಿಂದ 900 ಗ್ರಾಂ ಒಣ ಆಹಾರ. ಬ್ಯಾಗಿನಲ್ಲಿ ಕಡ್ಲೆಬೀಜದ ಬೆಣ್ಣೆ, ಓಟ್ಸು, ಬಿಸಿನೀರು ಹಾಕಿದ್ರೆ ಊಟವಾಗೋ ಪ್ಯಾಕೆಟ್ಟು, ಮತ್ತೆ ಎಲ್ಲರ ಜೇಬಲ್ಲೂ ಜರ್ಕಿ. ಅಂದ್ರೆ ಒಣಬಾಡು. ಅಲ್ಲಿ ಅದನ್ನ ಕದ್ದು ತಿನ್ನೋರಿಲ್ಲ. (ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಬೇಟೆ ಅಪರಾಧ. ನಾನು ಮಾತಾಡ್ತಿರೋದು ಬುತ್ತಿಯ ಬಗ್ಗೆ, ಬಂದೂಕಿನ ಬಗ್ಗೆ ಅಲ್ಲ.)

ಈಗ ಕೇಳ್ತೀನಿ. ಈ ಹಗುರ ಊಟದ ವಿದ್ಯೆಯನ್ನ ಕಂಡುಹಿಡಿದೋರು ಯಾರು?

'ಜರ್ಕಿ' ಅನ್ನೋ ಪದ ಇಂಗ್ಲಿಷಿನದಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಕೆಚುವಾ ಜನರ 'ಚಾರ್ಕಿ', ಸ್ಪ್ಯಾನಿಷ್ ಬಾಯಿಗೆ ಬಿದ್ದು ಹಾಗಾಯ್ತು. ಇವತ್ತು ದುಬಾರಿ ಬೆಲೆಗೆ ಮಾರೋ ಫ್ರೀಜ್ ಡ್ರೈ ಊಟ ಇದೆಯಲ್ಲ, ಆಹಾರವನ್ನ ಹೆಪ್ಪುಗಟ್ಟಿಸಿ ಅದರ ನೀರು ತೆಗೆಯೋ ವಿಧಾನ, ಅದರ ಅಜ್ಜಿಯೂ ಆಂಡಿಸಿನವಳೇ. ಅಲ್ಲಿನ ರೈತರು ಆಲೂಗಡ್ಡೆಯನ್ನ ರಾತ್ರಿ ಕೊರೆಯೋ ಚಳಿಗೆ ಹರಡಿ, ಹಗಲು ಕಾಲಲ್ಲಿ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿ ವರ್ಷಗಟ್ಟಲೆ ಇಡ್ತಿದ್ರು. ಹೆಸರು ಚುನ್ಯೋ. ಇವತ್ತಿಗೂ ಮಾಡ್ತಾರೆ.

ಉತ್ತರ ಅಮೆರಿಕದ ಕ್ರೀ ಜನರ ಪೆಮ್ಮಿಕನ್ ಇನ್ನೂ ದೊಡ್ಡ ಕಥೆ. ಕಾಡೆಮ್ಮೆ ಜಾತಿಯ ಬೈಸನ್ ಮಾಂಸವನ್ನ ಒಣಗಿಸಿ, ಕುಟ್ಟಿ ಪುಡಿ ಮಾಡಿ, ಕರಗಿಸಿದ ಕೊಬ್ಬು ಬೆರೆಸಿ ಕಟ್ಟಿಡೋದು. ಅವರ ಭಾಷೆಯಲ್ಲಿ 'ಪಿಮೀ' ಅಂದ್ರೆ ಕೊಬ್ಬು. ಕೈಯಗಲದ ತುಂಡು ತಿಂದ್ರೆ ಅರ್ಧ ದಿನ ನಡೀಬಹುದು. 1911ರಲ್ಲಿ ಅಮುಂಡ್‌ಸೆನ್ ದಕ್ಷಿಣ ಧ್ರುವ ಮುಟ್ಟಿದ್ದು ಜಾರುಬಂಡಿಯಲ್ಲಿ ಪೆಮ್ಮಿಕನ್ ಹೇರಿಕೊಂಡೇ. ಪಠ್ಯಪುಸ್ತಕದಲ್ಲಿ ಅಮುಂಡ್‌ಸೆನ್ ಇದ್ದಾನೆ. ಮಾಂಸ ಕುಟ್ಟಿದ ಕ್ರೀ ಹೆಂಗಸು ಇಲ್ಲ.

ಇದೇ ಪೆಮ್ಮಿಕನ್ನಿಗೆ ನಿಷೇಧವೂ ಬಿದ್ದಿತ್ತು ಅಂದ್ರೆ ನಂಬ್ತೀರಾ? 1814ರ ಜನವರಿಯಲ್ಲಿ ಈಗಿನ ಕೆನಡಾದ ರೆಡ್ ರಿವರ್ ವಸಾಹತಿನ ಗವರ್ನರ್ ಮೈಲ್ಸ್ ಮ್ಯಾಕ್‌ಡೊನೆಲ್, ಪೆಮ್ಮಿಕನ್ ಹೊರಗೆ ಸಾಗಿಸಬಾರದು ಅಂತ ಆಜ್ಞೆ ಹೊರಡಿಸಿದ. ಅದನ್ನ ಮಾಡಿ ಮಾರಿ ಬದುಕ್ತಿದ್ದ ಮೆಟಿ ಜನ ಸುಮ್ಮನಿರಲಿಲ್ಲ. ಜಗಳ ಬೆಳೆದು 1816ರಲ್ಲಿ ಸೆವೆನ್ ಓಕ್ಸಿನಲ್ಲಿ ರಕ್ತ ಹರೀತು. ಒಂದು ಜನರ ಬುತ್ತಿಗೆ ಕೈಹಾಕೋದು ಅಂದ್ರೆ ಅವರ ಬದುಕಿಗೇ ಕೈಹಾಕೋದು. ಇದು ನಮ್ಮ ಊರಿಗೆ ಮಾತ್ರ ಸೇರಿದ ಮಾತಲ್ಲ.

ನಮ್ಮಲ್ಲೂ ಹಗುರ ಬುತ್ತಿಯ ವಿದ್ಯೆ ಇದ್ದದ್ದು ಹೊರೋರ ಹತ್ತಿರ. ಬೇಟೆಗೆ ಹೋದ ಸಾಹೇಬರು, ಮಹಾರಾಜರು ಬುತ್ತಿಯ ತೂಕ ನೋಡಲಿಲ್ಲ. ಯಾಕೆ ನೋಡಬೇಕು? ಹೊರೋಕೆ ಕೂಲಿಯೋರಿದ್ರು, ಎಳೆಯೋಕೆ ಎತ್ತಿನ ಗಾಡಿ ಇತ್ತು, ಡೇರೆಯಲ್ಲಿ ಅಡಿಗೆಯವನಿದ್ದ. ತೂಕ ಗೊತ್ತಾಗೋದು ಹೊತ್ತವನ ಹೆಗಲಿಗೆ. ಮುಂದೆ ಓಡಿ ಪ್ರಾಣಿ ಸೋವಿದ ಆಳು, ಎಸ್ಟೇಟಿಗೆ ಕಾಲ್ನಡಿಗೇಲಿ ಹೋದ ಕೂಲಿ, ಸುಗ್ಗಿಗೆ ಗುಳೆ ಹೋದ ಸಂಸಾರ, ಇವರ ಸೊಂಟದ ಗಂಟಲ್ಲಿ ಏನಿತ್ತೋ ಅದೇ ನಮ್ಮ ಹಗುರ ಊಟದ ಶಾಸ್ತ್ರ. ರಾಗಿ ಹುರಿಹಿಟ್ಟು, ಒಂದು ತುಂಡು ಬೆಲ್ಲ, ಒಣರೊಟ್ಟಿ, ಉಪ್ಪು ಮೆಣಸಿನಕಾಯಿ, ಒಣಮೀನು, ಒಣಬಾಡು.

ಒಣಬಾಡನ್ನ ಕೆಲವು ಕಡೆ ಉಪ್ಪುಖಂಡ ಅಂತಾರೆ, ಕೆಲವು ಕಡೆ ಕೊರಬಾಡು. ಮರಾಠವಾಡದ ನಮ್ಮ ಜನ ಚಾನ್ಯಾ ಅಂತಾರೆ. ಶಾಹು ಪಾಟೋಳೆ 2015ರಲ್ಲಿ ಮರಾಠಿಯಲ್ಲಿ 'ಅನ್ನ ಹೇ ಅಪೂರ್ಣ ಬ್ರಹ್ಮ' ಅಂತ ಪುಸ್ತಕ ಬರೆದ್ರು, ಮಹಾರ್ ಮತ್ತು ಮಾಂಗ್ ಮನೆಗಳ ಅಡಿಗೆ ಬಗ್ಗೆ. ಅನ್ನವೇ ಪೂರ್ಣಬ್ರಹ್ಮ ಅನ್ನೋ ಮಾತನ್ನ ಅವರು ತಿರುಗಿಸಿ ಹಿಡಿದ್ರು. ನಮ್ಮ ತಟ್ಟೆ ಸೇರದ ತನಕ ನಿಮ್ಮ ಬ್ರಹ್ಮ ಅಪೂರ್ಣ. ಈಗ ಅದು ಇಂಗ್ಲಿಷಿಗೂ ಬಂದಿದೆ.

ಒಂದು ಮಾತು ಬಿಚ್ಚಿ ಹೇಳಿಬಿಡ್ತೀನಿ. ಇದನ್ನ ನಾನು ಹಾಡಿಹೊಗಳೋಕೆ ಹೊರಟಿಲ್ಲ. ನಮ್ಮ ಹಟ್ಟಿಗಳಲ್ಲಿ ಬಾಡು ಒಣಗಿದ್ದು ರುಚಿಗಲ್ಲ, ಹಸಿವಿಗೆ. ಒಂದು ದಿನ ಸಿಕ್ಕಿದ್ದು ತಿಂಗಳು ಬರಬೇಕಿತ್ತು. ಊರಿನ ಸತ್ತ ದನ ಎಳೆಯೋ ಬಿಟ್ಟಿ ಚಾಕರಿ ನಮ್ಮ ತಲೆ ಮೇಲಿತ್ತು, ಅದರ ಮಾಂಸವೇ ಕೂಲಿ. ಅದಕ್ಕೇ ಬಾಬಾಸಾಹೇಬರು 1927ರ ಮಹಾಡ್ ಸಮ್ಮೇಳನದಲ್ಲೇ ಸತ್ತ ದನದ ಮಾಂಸ ಬಿಡಿ ಅಂದ್ರು. "ಅಂಬೇಡ್ಕರೇ ಬಿಡಿ ಅಂದಿದ್ದಾರಲ್ಲ" ಅಂತ ಕಾಮೆಂಟಲ್ಲಿ ಬರೆಯೋಕೆ ಕಾಯ್ತಿರೋರು ಇಲ್ಲಿ ಸ್ವಲ್ಪ ನಿಧಾನಿಸಿ. ಅವರು ಬಿಡಿ ಅಂದದ್ದು ಗುಲಾಮಗಿರಿಯ ಎಂಜಲನ್ನ. ಮಾಂಸಕ್ಕೂ ಅಸ್ಪೃಶ್ಯತೆಗೂ ಹೇಗೆ ಗಂಟು ಬಿತ್ತು ಅನ್ನೋದನ್ನ 1948ರ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಅವರೇ ಬಿಡಿಸಿಟ್ಟಿದ್ದಾರೆ, ಓದಿ. ನನ್ನ ಸಂಬಳದ ದುಡ್ಡಲ್ಲಿ ಅಂಗಡಿಯಿಂದ ಕುರಿ ಬಾಡು ತಂದು, ನನ್ನ ಮನೆ ತಾರಸಿ ಮೇಲೆ ಒಣಗಿಸಿ, ನನ್ನ ಮಕ್ಕಳ ಬ್ಯಾಗಿಗೆ ಹಾಕೋದು ಯಾರ ಎಂಜಲೂ ಅಲ್ಲ.

ಈಗ ಈ ಪೋಸ್ಟ್ ಯಾಕೆ ಬರೀಬೇಕಾಯ್ತು ಅಂತ ಹೇಳ್ತೀನಿ. ನಮ್ಮ ಓದು ಬಳಗದ ಎಂಟು ಹುಡುಗ ಹುಡುಗಿಯರು, ಜೊತೆಗೆ ನಾನು, ಪಶ್ಚಿಮ ಘಟ್ಟದ ಒಂದು ಎರಡು ದಿನದ ಚಾರಣಕ್ಕೆ ದುಡ್ಡು ಕಟ್ಟಿ ಹೋಗಿದ್ವಿ. ಹೆಸರು ಬೇಡ, ಒಬ್ಬರನ್ನ ಬೈದು ಮುಗಿಸೋ ವಿಷಯ ಅಲ್ಲ ಇದು. ಮೊದಲ ದಿನ ಮಧ್ಯಾಹ್ನ ಬಂಡೆ ನೆರಳಲ್ಲಿ ಎಲ್ಲರೂ ಬುತ್ತಿ ಬಿಚ್ಚಿದ್ರು. ನರ್ಸಿಂಗ್ ಓದೋ ನಮ್ಮ ಹುಡುಗಿ ಡಬ್ಬಿ ತೆಗೆದ್ಲು. ಒಣರೊಟ್ಟಿ, ಅವರವ್ವ ಬೆಳ್ಳುಳ್ಳಿ ಕೊಬ್ಬರಿ ಹಾಕಿ ಕುಟ್ಟಿಕೊಟ್ಟ ಒಣಬಾಡಿನ ಪುಡಿ. ಮುಂದಾಳು ಹುಡುಗ ಬಂದು ಕೇಳಿದ ಮೊದಲ ಪ್ರಶ್ನೆ: "ಯಾವ ಮಾಂಸ ಅದು?"

"ಕುರಿ."

"ಇರ್ಲಿ, ಮುಚ್ಚಿಡಿ. ಇಲ್ಲಾಂದ್ರೆ ಆ ಕಡೆ ಹೋಗಿ ತಿಂದು ಬನ್ನಿ. ಬೇರೆಯವರಿಗೆ ವಾಸನೆ ಆಗುತ್ತೆ."

ಆ ಕಡೆ ಹೋಗಿ. ಈ ಮೂರು ಪದ ನಮ್ಮ ಜನಕ್ಕೆ ಹೊಸದಾ? ಮದುವೆ ಮನೇಲಿ, ಹೋಟೆಲಲ್ಲಿ, ಶಾಲೆಯಲ್ಲಿ ಕೇಳಿದ್ದು ಅದೇ ತಾನೇ? ನಾನು ಎದ್ದು ಕೇಳಿದೆ, "ಅಲ್ಲಪ್ಪಾ, ಪಕ್ಕದಲ್ಲಿ ಉಪ್ಪಿನಕಾಯಿ ಡಬ್ಬಿ ಬಿಚ್ಚಿದ್ದಾರೆ, ಅದಕ್ಕೆ ವಾಸನೆ ಇಲ್ವಾ?" ಅವನು "ನಿಯಮ ಸರ್, ನಂದೇನೂ ಇಲ್ಲ" ಅಂದ. ನಾವು ಒಂಬತ್ತು ಜನವೂ ಜಾಗ ಬಿಟ್ಟು ಏಳಲಿಲ್ಲ. ಅವಳ ಡಬ್ಬಿ ನಮ್ಮ ಮಧ್ಯೆ ಬಂತು, ಎಲ್ಲರೂ ಕೈಹಾಕಿದ್ವಿ. ಬೇರೆ ಗುಂಪಿನ ಇಬ್ಬರು ಹುಡುಗರೂ ಬಂದು ಕೂತು ತಿಂದ್ರು, ಅದನ್ನೂ ಹೇಳಲೇಬೇಕು. ಅವಳು ಹೇಳಿದ್ದು ಒಂದೇ ಮಾತು: "ಅಣ್ಣ, ಬೆಳಿಗ್ಗೆ ಬ್ಯಾಗ್ ತೂಕ ಹಾಕಿದ್ರಲ್ಲ, ಎಲ್ಲರಿಗಿಂತ ಹಗುರ ನಂದೇ ಇತ್ತು."

ಅವನು ಕೇಳಿದ ಮೊದಲ ಪ್ರಶ್ನೆಯನ್ನ ಮರೀಬೇಡಿ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ 2021ರಿಂದ ನಮ್ಮ ರಾಜ್ಯದಲ್ಲಿ ಜಾರಿಯಲ್ಲಿದೆ. ಹಸು, ಕರು, ಎತ್ತು, ಹೋರಿ, 13 ವರ್ಷದೊಳಗಿನ ಎಮ್ಮೆ ಕೋಣ ಕಡಿದ್ರೆ ಮೂರರಿಂದ ಏಳು ವರ್ಷ ಜೈಲು. ಒಣಗಿದ ಮೇಲೆ ಯಾವ ಮಾಂಸ ಅಂತ ಕಣ್ಣಲ್ಲಿ ನೋಡಿ ಯಾರಿಗೂ ಗೊತ್ತಾಗಲ್ಲ. ಹಾಗಾದ್ರೆ ಆ ಪ್ರಶ್ನೆಗೆ ಉತ್ತರ ಎಲ್ಲಿಂದ ಹುಡುಕ್ತಾರೆ? ಡಬ್ಬಿಯಿಂದಲ್ಲ, ಡಬ್ಬಿ ಹಿಡಿದೋರ ಹೆಸರಿಂದ, ಊರಿಂದ, ಕೇರಿಯಿಂದ. ಒಂದು ಕುರಿ ಬಾಡಿನ ಡಬ್ಬಿ ನಮ್ಮ ಮಕ್ಕಳನ್ನ ಅನುಮಾನದ ಕಟಕಟೆಗೆ ನಿಲ್ಲಿಸುತ್ತೆ. 'ಸಣ್ಣ ವಿಷಯ ಬಿಡಣ್ಣ' ಅನ್ನೋರು ಇದನ್ನ ಯೋಚಿಸಿ.

ಇನ್ನು ಅವರ ವಾದಗಳು, ಒಂದೊಂದಾಗಿ.

'ಮಾಂಸದ ವಾಸನೆಗೆ ಕಾಡುಪ್ರಾಣಿ ಬರ್ತವೆ.' ಒಳ್ಳೆಯ ಪ್ರಶ್ನೆ, ಆದ್ರೆ ಪೂರ್ತಿ ಕೇಳಿ. ಕರಡಿ ಕಾಟ ಇರೋ ಅಮೆರಿಕದ ಯೊಸೆಮಿಟಿ ಕಾಡಲ್ಲಿ ರಾತ್ರಿ ತಂಗೋರು ಆಹಾರವನ್ನೆಲ್ಲ ಕರಡಿ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲಿ ಇಡಬೇಕು. ಆಹಾರ ಅಂದ್ರೆ ಮಾಂಸ ಒಂದೇ ಅಲ್ಲ, ಬಿಸ್ಕತ್ತು, ಹಣ್ಣು, ಕೊನೆಗೆ ಟೂತ್‌ಪೇಸ್ಟು, ಸೋಪು ಕೂಡ. ಕರಡಿಗೆ ಮಡಿ ಮೈಲಿಗೆ ಗೊತ್ತಿಲ್ಲ. ನಮ್ಮ ಕಾಡಲ್ಲಿ ಕೋತಿ ಬ್ಯಾಗ್ ಹರಿಯೋದು ಬಾಳೆಹಣ್ಣಿಗೆ, ಆನೆ ಬರೋದು ಹಲಸಿಗೆ, ಬೆಲ್ಲಕ್ಕೆ. ಪ್ರಾಣಿ ಭಯವೇ ಕಾರಣ ಆದ್ರೆ 'ಎಲ್ಲರೂ ಎಲ್ಲ ಆಹಾರವನ್ನೂ ಬಿಗಿಯಾಗಿ ಮುಚ್ಚಿಡಿ, ಒಂದು ಚೂರೂ ಚೆಲ್ಲಬೇಡಿ' ಅಂತ ಬರೀರಿ. ಅದನ್ನ ಮೊದಲು ಪಾಲಿಸೋರು ನಾವೇ.

'ದೇವರ ಬೆಟ್ಟ, ಪವಿತ್ರ ಜಾಗ.' ಯಾವ ದೇವರಪ್ಪಾ? ಬಿಳಿಗಿರಿರಂಗನಿಗೆ ಚರ್ಮದ ದೊಡ್ಡ ಪಾದುಕೆ ಮಾಡಿ ಒಪ್ಪಿಸೋ ಸಂಪ್ರದಾಯ ನಮ್ಮ ಮಾದಿಗ ಸಮುದಾಯದ್ದು. ಅವನನ್ನ ನಮ್ಮ ಭಾವ ಅಂತ ಕರೆಯೋರು ಸೋಲಿಗರು. ರಂಗಪ್ಪ ನಮ್ಮ ಕೈಯ ಚರ್ಮ ಮೆಟ್ಟಿ ಕಾಡು ಸುತ್ತಬಹುದು. ನಿಮ್ಮ ಟ್ರೆಕ್ಕಿಂಗ್ ಬೂಟಿನ ಚರ್ಮ ಬೆಟ್ಟ ಹತ್ತಬಹುದು. ನಮ್ಮ ಬುತ್ತಿ ಮಾತ್ರ ತಪ್ಪಲಲ್ಲೇ ನಿಲ್ಲಬೇಕಾ? ದೇವಸ್ಥಾನದ ಅಂಗಳಕ್ಕೆ ಅದರದೇ ಶಿಸ್ತು ಇದ್ರೆ ಇರಲಿ. ಎರಡು ದಿನ ನಡೆಯೋ ಇಡೀ ಕಾಡನ್ನ ಗರ್ಭಗುಡಿ ಮಾಡಬೇಡಿ.

'ನಾವು ಎಲ್ಲರಿಗೂ ಒಂದೇ ಅಡಿಗೆ ಮಾಡ್ತೀವಿ.' ಮಾಡಿ ಸ್ವಾಮಿ. ಅನ್ನ ಸಾರು ಮಾಡಿದ್ರೆ ಉಣ್ತೀವಿ, ನಿಮ್ಮ ಒಲೆಗೆ ನಾವು ಬರಲ್ಲ. ನಾವು ಕೇಳ್ತಿರೋದು ನಮ್ಮ ಬ್ಯಾಗು, ನಮ್ಮ ಡಬ್ಬಿ.

ಕೊನೆಯದು ನಮ್ಮವರದೇ ವಾದ. 'ಹಟ್ಟಿಯಲ್ಲಿ ಸ್ಮಶಾನಕ್ಕೆ ಜಾಗ ಇಲ್ಲ, ನಿಂಗೆ ಟ್ರೆಕ್ಕಿಂಗ್ ಚಿಂತೆನಾ?' ನ್ಯಾಯವಾದ ಮಾತು. ಆದ್ರೆ 2016ರ ಅಕ್ಟೋಬರಿನಲ್ಲಿ ಬೆಂಗಳೂರಿಂದ ಉಡುಪಿಗೆ ಜಾಥಾ ಹೋದಾಗ ನಾವು ಕೂಗಿದ್ದು ನೆನಪಿದೆಯಾ? ಆಹಾರದ ಆಯ್ಕೆ, ಭೂಮಿಯ ಹಕ್ಕು, ಎರಡನ್ನೂ ಒಂದೇ ಉಸಿರಲ್ಲಿ ಕೂಗಿದ್ವಿ. ನಮ್ಮ ಹಿರಿಯರು ಬೆಟ್ಟ ಹತ್ತಿದ್ದು ಸೌದೆಗೆ, ಹೊರೆಗೆ, ಕೂಲಿಗೆ. ಸುಮ್ಮನೆ, ಖುಷಿಗೆ, ಸೂರ್ಯ ಹುಟ್ಟೋದು ನೋಡೋಕೆ ಅಂತ ಬೆಟ್ಟ ಹತ್ತುತ್ತಿರೋ ಮೊದಲ ತಲೆಮಾರು ಇದು. ಆ ಖುಷಿಯೂ ನಮ್ಮ ಪಾಲಿನದೇ. ಅದನ್ನ ತಲೆ ತಗ್ಗಿಸಿ, ಡಬ್ಬಿ ಬಚ್ಚಿಟ್ಟು ಅನುಭವಿಸಬೇಕಾ?

ಈಗ ಕೆಲಸದ ಮಾತು. ಹುಡುಗ ಹುಡುಗಿಯರೇ, ಎರಡು ದಿನದ ಚಾರಣಕ್ಕೆ ಒಬ್ಬರಿಗೆ ಈ ಬುತ್ತಿ ಸಾಕು:

ರಾಗಿ ಹುರಿಹಿಟ್ಟು 250 ಗ್ರಾಂ
ಗಟ್ಟಿ ಅವಲಕ್ಕಿ 250 ಗ್ರಾಂ
ಒಣ ಜೋಳದ ರೊಟ್ಟಿ 250 ಗ್ರಾಂ
ಹುರಿದ ಕಡ್ಲೆಬೀಜ 250 ಗ್ರಾಂ
ಬೆಲ್ಲ 150 ಗ್ರಾಂ
ಒಣಬಾಡಿನ ಪುಡಿ 150 ಗ್ರಾಂ
ಒಣಕೊಬ್ಬರಿ 100 ಗ್ರಾಂ

ಒಟ್ಟು 1,400 ಗ್ರಾಂ. ಸುಮಾರು 5,600 ಕ್ಯಾಲೊರಿ, ಅಂದ್ರೆ ದಿನಕ್ಕೆ 700 ಗ್ರಾಮಿನಲ್ಲಿ 2,800. ಇಷ್ಟೇ ಶಕ್ತಿಯನ್ನ ಅನ್ನದ ಡಬ್ಬಿಯಲ್ಲಿ ಹೊರಬೇಕಂದ್ರೆ ನಾಲ್ಕು ಕೆಜಿ ಮೇಲೆ, ಅದೂ ಸಂಜೆಗೆ ಹಳಸುತ್ತೆ. ಯಾವ ವಿದೇಶಿ ಪ್ಯಾಕೆಟ್ಟೂ ಬೇಡ. ಒಲೆ ಬೇಡ, ಕಾಡಲ್ಲಿ ಬೆಂಕಿ ಹಾಕೋದು ಅಪರಾಧ, ಹಾಕಲೇಬೇಡಿ. ಹುರಿಹಿಟ್ಟಿಗೆ ಬೆಲ್ಲ, ತಣ್ಣೀರು ಕಲಸಿದ್ರೆ ಊಟ. ಟಿಬೆಟಿನವರು ಹುರಿದ ಬಾರ್ಲಿ ಹಿಟ್ಟನ್ನ ತ್ಸಂಪಾ ಅಂತ ಹೀಗೇ ಕಲಸಿ ತಿಂದು ಹಿಮಾಲಯ ದಾಟ್ತಾರೆ. ಅವಲಕ್ಕಿಗೆ ನೀರು ಚಿಮುಕಿಸಿ, ಬಾಡಿನ ಪುಡಿ ಉದುರಿಸಿ ಕಲಸಿ ನೋಡಿ, ಆಮೇಲೆ ನನಗೆ ಹೇಳಿ. ಮಾಂಸ ತಿನ್ನದ ಗೆಳೆಯರು ಆ 150 ಗ್ರಾಮಿಗೆ ಹುರಿಗಡಲೆ ಹಾಕಿಕೊಳ್ಳಿ, ಲೆಕ್ಕ ಹೆಚ್ಚುಕಮ್ಮಿ ಆಗಲ್ಲ. ನಮ್ಮ ಪಟ್ಟಿಯಲ್ಲಿ ಯಾರಿಗೂ 'ಆ ಕಡೆ ಹೋಗಿ' ಇಲ್ಲ.

ಒಣಬಾಡು ಮಾಡುವಾಗ ಜೋಪಾನ. ಕೊಬ್ಬು ತೆಗೆದುಬಿಡಿ, ಕೊಬ್ಬು ಮುಗ್ಗಲು ಹಿಡಿಯುತ್ತೆ. ತೆಳ್ಳಗೆ ಉದ್ದಕ್ಕೆ ಸೀಳಿ, ಉಪ್ಪು ಅರಿಶಿನ ಹಚ್ಚಿ, ಮೊದಲೇ ಚೆನ್ನಾಗಿ ಬೇಯಿಸಿ ಆಮೇಲೆ ಒಣಗಿಸಿ. ಬಿಸಿಲೊಂದನ್ನೇ ನಂಬಬೇಡಿ. ಮುರಿದ್ರೆ ಲಟಕ್ ಅನ್ನಬೇಕು. ನೊಣ ಕೂರದ ಹಾಗೆ ಬಟ್ಟೆ ಕಟ್ಟಿ. ಒಣಗಿದ ಮೇಲೆ ಕೆಂಡದ ಮೇಲೋ ಬಾಣಲೆಯಲ್ಲೋ ಹುರಿದು, ಕುಟ್ಟಿ, ಗಾಳಿಯಾಡದ ಡಬ್ಬಿಗೆ ತುಂಬಿ. ಅಂಗಡಿ ಬಿಲ್ಲಿನ ಒಂದು ಫೋಟೋ ಮೊಬೈಲಲ್ಲಿ ಇರಲಿ. ಹೀಗೆ ಬರೀಬೇಕಾಗಿ ಬಂದದ್ದಕ್ಕೆ ಸಿಟ್ಟು ಬರುತ್ತೆ. ಆದ್ರೂ ಇರಲಿ.

ಚಾರಣ ನಡೆಸೋರಿಗೆ ಮೂರೇ ಬೇಡಿಕೆ. ಒಂದು, 'ಮದ್ಯ, ತಂಬಾಕು' ಜೊತೆಯಿಂದ ನಮ್ಮ ಊಟದ ಹೆಸರು ತೆಗೀರಿ. ಎರಡು, ತೂಕ, ಕಸ, ಬೆಂಕಿ, ಪ್ರಾಣಿ, ಇವುಗಳ ನಿಯಮ ಎಲ್ಲರ ಡಬ್ಬಿಗೂ ಒಂದೇ ಇರಲಿ. ಮೂರು, ನಿಮ್ಮ ಡೇರೆ, ಪಾತ್ರೆ ಹೊರೋ ಸ್ಥಳೀಯ ಹುಡುಗರಿಗೆ ಎಲ್ಲರ ಜೊತೆ ಕೂರಿಸಿ ಊಟ ಹಾಕಿ, ಕೂಲಿ ಸರಿಯಾಗಿ ಕೊಡಿ. ಅವರಿಗಿಂತ ಚೆನ್ನಾಗಿ ತೂಕ ಗೊತ್ತಿರೋರು ಆ ಬೆಟ್ಟದಲ್ಲಿ ಇನ್ನೊಬ್ಬರಿಲ್ಲ.

ನಿಮಗೆ ಬಂದಿರೋ ಪಟ್ಟಿಯಲ್ಲಿ ಆ ಸಾಲು ಇದ್ರೆ ದುಡ್ಡು ಕಟ್ಟೋ ಮೊದಲೇ ಫೋನ್ ಮಾಡಿ ಕೇಳಿ: "ಯಾಕೆ?" ಮರ್ಯಾದೆಯಿಂದಲೇ ಕೇಳಿ, ಆದ್ರೆ ಉತ್ತರ ಬರೋ ತನಕ ಕೇಳಿ. ಬಂದ ಉತ್ತರವನ್ನ ಕೆಳಗೆ ಕಾಮೆಂಟಲ್ಲಿ ಬರೀರಿ. ಡಿಸೆಂಬರಲ್ಲಿ ನಾವೇ ಒಂದು ನಡಿಗೆ ಮಾಡೋಣ ಅಂತಿದ್ದೀವಿ. ಬರೋರು ಹೆಸರು ಕೊಡಿ.

ಬುತ್ತಿ ನಿಮ್ಮದೇ ತನ್ನಿ. ಮಧ್ಯಕ್ಕಿಟ್ಟು ಉಣ್ಣೋಣ.

ಜೈಭೀಮ್.